ಹಡಗು ನಿಲ್ಲುವ ಎಂಟು ಗಂಟೆ: ಸಿಂಗಪುರ ಕ್ರೂಸ್‌ನಲ್ಲಿ ದಡದ ಟೂರ್ ಆರಿಸುವ ಬಗೆ

ಚಳಿಗಾಲದಲ್ಲಿ ಪಣಂಬೂರಿನ ಬಂದರಿಗೆ ವಿದೇಶಿ ಪ್ರವಾಸಿ ಹಡಗು ಬಂದರೆ ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಹತ್ತಿರ ಟೂರಿಸ್ಟ್ ಬಸ್ಸುಗಳು ಕಾಣಿಸಿಕೊಳ್ಳುತ್ತವೆ. ಬೆಳಿಗ್ಗೆ ಇಳಿದವರು ಊರು ನೋಡಿಕೊಂಡು ಸಂಜೆಗೆ ಹಡಗು ಹತ್ತಬೇಕು. ಕ್ರೂಸ್ ಕಂಪನಿಗಳು ಇದನ್ನು ಶೋರ್ ಎಕ್ಸ್‌ಕರ್ಷನ್ ಎನ್ನುತ್ತವೆ. ಸಿಂಗಪುರದ ಮರೀನಾ ಬೇಯಿಂದ ಮೂರು, ನಾಲ್ಕು ಅಥವಾ ಐದು ರಾತ್ರಿಯ ಕ್ರೂಸ್ ಹತ್ತುವ ನಮ್ಮವರು ಮಲೇಷ್ಯಾದ ಪೆನಾಂಗ್, ಪೋರ್ಟ್ ಕ್ಲಾಂಗ್, ಥಾಯ್ಲೆಂಡಿನ ಫುಕೆಟ್‌ಗಳಲ್ಲಿ ಮಾಡಬೇಕಾದ್ದೂ ಇದನ್ನೇ. ಹಡಗಿನ ಆ್ಯಪ್ ತೆರೆದರೆ ಒಂದೊಂದು ಬಂದರಿಗೂ ಹತ್ತಾರು ಟೂರ್‌ಗಳ ಫೋಟೊ ಸಾಲಾಗಿ ಬರುತ್ತದೆ. ಫೋಟೊ ನೋಡಿ ಆರಿಸಿದರೆ ಅರ್ಧ ದಿನ ಬಸ್ಸಿನ ಕಿಟಕಿಯಲ್ಲೇ ಕಳೆಯುತ್ತದೆ. ಗಡಿಯಾರ ಮತ್ತು ನಕ್ಷೆ ಮೊದಲು, ಫೋಟೊ ಆಮೇಲೆ.

ಗಂಟೆಯ ಲೆಕ್ಕ

ವೇಳಾಪಟ್ಟಿಯಲ್ಲಿ ಬೆಳಿಗ್ಗೆ 10ರಿಂದ ಸಂಜೆ 6 ಎಂದಿದೆ ಎನ್ನೋಣ. ಎಂಟು ಗಂಟೆ ಸಿಕ್ಕಿತು ಎಂದುಕೊಳ್ಳಬೇಡಿ. ಹತ್ತಕ್ಕೆ ಹಡಗು ಧಕ್ಕೆಗೆ ತಾಗುತ್ತದೆ ಅಷ್ಟೆ. ಸ್ಥಳೀಯ ಅಧಿಕಾರಿಗಳ ಅನುಮತಿ ಬಂದು, ಲಿಫ್ಟ್‌ಗೆ ಕಾದು, ಕಾರ್ಡ್ ತೋರಿಸಿ ನೆಲಕ್ಕೆ ಕಾಲಿಡುವಾಗ 10:45. ಅತ್ತ ಕಡೆ ಆರಕ್ಕೆ ಹೊರಡುವ ಹಡಗಿನ 'ಆಲ್ ಅಬೋರ್ಡ್', ಅಂದರೆ ಎಲ್ಲರೂ ಒಳಗಿರಬೇಕಾದ ಹೊತ್ತು, ಅರ್ಧದಿಂದ ಒಂದು ಗಂಟೆ ಮುಂಚೆ. ಐದು ಗಂಟೆ ಎಂದೇ ಹಿಡಿಯಿರಿ. ಟೈರ್ ಪಂಕ್ಚರ್, ಮಳೆ, ಟ್ರಾಫಿಕ್ಕಿಗೆಂದು ಇನ್ನೊಂದು ಗಂಟೆ ಕೈಬಿಡಿ. ಉಳಿಯುವುದು 10:45ರಿಂದ 4, ಐದೇಕಾಲು ಗಂಟೆ. ಹೋಗಿಬರುವ ದಾರಿಯನ್ನು ಇದರಲ್ಲಿ ಕಳೆದರೆ ನಿಜವಾಗಿ ನೋಡಲು ಸಿಗುವ ಸಮಯ. ದಾರಿಗೆ ಹೋಗುವ ಹೊತ್ತು ನೋಡುವ ಹೊತ್ತಿಗಿಂತ ಹೆಚ್ಚಿದ್ದರೆ ಆ ಟೂರ್ ಬಿಟ್ಟುಬಿಡಿ.

ಇದರಲ್ಲೊಂದು ಗುಂಡಿಯಿದೆ. ಸಿಂಗಪುರ, ಮಲೇಷ್ಯಾಗಳ ಸಮಯ ಒಂದೇ. ಥಾಯ್ಲೆಂಡ್ ಒಂದು ಗಂಟೆ ಹಿಂದೆ. ಕೆಲವು ಹಡಗುಗಳು ಫುಕೆಟ್‌ಗೆ ಬಂದಾಗ ಗಡಿಯಾರ ಹಿಂದಕ್ಕೆ ತಿರುಗಿಸುತ್ತವೆ, ಕೆಲವು ಸಿಂಗಪುರದ ಸಮಯದಲ್ಲೇ ಇರುತ್ತವೆ. ನಿಮ್ಮ ಫೋನು ಯಾರನ್ನೂ ಕೇಳದೆ ಥಾಯ್ ಸಮಯಕ್ಕೆ ಹೊರಳುತ್ತದೆ. ಹಡಗು ಬದಲಿಸಿಲ್ಲವಾದರೆ ಫೋನಿನಲ್ಲಿ 3 ಗಂಟೆ ಇರುವಾಗ ಹಡಗಿನಲ್ಲಿ 4. 'ಆಲ್ ಅಬೋರ್ಡ್ 4:30, ಇನ್ನೂ ಒಂದೂವರೆ ಗಂಟೆ ಇದೆ' ಎಂದು ಬೀಚಿನಲ್ಲಿ ಎಳನೀರು ಕುಡಿಯುತ್ತಾ ಕೂತವರಿಗೆ ಇರುವುದು ಅರ್ಧವೇ ಗಂಟೆ. ಸ್ಥಳೀಯ ಟೂರಿನವರು ಹೇಳುವ ಹೊತ್ತು ಯಾವಾಗಲೂ ಥಾಯ್ ಸಮಯ. ಸಾದಾ ಕೈಗಡಿಯಾರವೊಂದನ್ನು ಹಡಗಿನ ಸಮಯಕ್ಕೆ ಇಟ್ಟುಕೊಂಡರೆ ಈ ಗೊಂದಲವೇ ಇರುವುದಿಲ್ಲ.

ಧಕ್ಕೆಯೋ, ಲಂಗರೋ

ಪ್ರತಿ ಬಂದರಿನ ಮುಂದೆ 'ಡಾಕ್ಡ್' ಎಂದಿದೆಯೋ 'ಟೆಂಡರ್' ಎಂದಿದೆಯೋ ನೋಡಿ. ಟೆಂಡರ್ ಎಂದರೆ ಹಡಗು ದಡದಿಂದಾಚೆ ಲಂಗರು ಹಾಕಿ ನಿಲ್ಲುತ್ತದೆ, ಸಣ್ಣ ದೋಣಿಗಳಲ್ಲಿ ಜನರನ್ನು ಸಾಗಿಸುತ್ತಾರೆ. ಮೂರು ಸಾವಿರ ಜನ, ದೋಣಿಗೆ 120 ಮಂದಿ ಎಂದರೆ 25 ಸಲ ಓಡಬೇಕು. ಮೊದಲ ದೋಣಿಗಳು ಸಾಮಾನ್ಯವಾಗಿ ಹಡಗಿನದೇ ಟೂರ್ ಕೊಂಡವರಿಗೆ ಮೀಸಲು. ಉಳಿದವರಿಗೆ ಟೋಕನ್ ನಂಬರು. ಆದ್ದರಿಂದ ಟೆಂಡರ್ ಬಂದರಿನಲ್ಲಿ ಹೊರಗಿನವರ ಟೂರ್ ತೆಗೆದುಕೊಂಡಿದ್ದರೆ ಅದು ಹಡಗು ನಿಂತು ಕನಿಷ್ಠ ಎರಡು ಗಂಟೆಯ ಮೇಲೆ ಶುರುವಾಗಲಿ. ಅಲೆಗೆ ಏರಿಳಿಯುವ ದೋಣಿಗೆ ಮೆಟ್ಟಿಲಿನಿಂದ ಕಾಲಿಡುವುದು ಮಂಡಿನೋವಿನವರಿಗೆ ಕಷ್ಟ. ಗಾಲಿಕುರ್ಚಿಯಲ್ಲಿರುವವರನ್ನು ಇಳಿಸಲಾಗದು ಎಂದು ಸಿಬ್ಬಂದಿ ಹೇಳಿದರೆ ವಾದಿಸಿ ಪ್ರಯೋಜನವಿಲ್ಲ. ಮನೆಯ ಹಿರಿಯರು ಜೊತೆಗಿದ್ದರೆ ಬುಕ್ ಮಾಡುವ ಮೊದಲೇ ಇದನ್ನು ಕೇಳಿಕೊಳ್ಳಿ.

ಪೆನಾಂಗ್: ಕಾಲ್ನಡಿಗೆಯ ಊರು

ಇಲ್ಲಿ ಹಡಗು ನಿಲ್ಲುವ ಸ್ವೆಟ್ಟೆನ್‌ಹ್ಯಾಮ್ ಪಿಯರ್ ಜಾರ್ಜ್‌ಟೌನ್‌ನ ಮಡಿಲಲ್ಲೇ ಇದೆ. 2008ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಹಳೇ ಪಟ್ಟಣ ಇದು. 'ಸಿಟಿ ಟೂರ್' ಎಂದು ಹಡಗಿನವರಿಗೆ ದುಡ್ಡು ಕೊಡುವ ಅಗತ್ಯ ನಡೆಯಬಲ್ಲವರಿಗೆ ಇಲ್ಲವೇ ಇಲ್ಲ. ಗೇಟು ದಾಟಿದರೆ ಕೆಲವೇ ನಿಮಿಷಕ್ಕೆ ಕಾರ್ನ್‌ವಾಲಿಸ್ ಕೋಟೆ. (ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಅದೇ ಕಾರ್ನ್‌ವಾಲಿಸ್‌ನ ಹೆಸರು.) ಅಲ್ಲಿಂದ ಲಿಟ್ಲ್ ಇಂಡಿಯಾ: ಕ್ವೀನ್ ಸ್ಟ್ರೀಟಿನ ಮಹಾಮಾರಿಯಮ್ಮನ್ ಗುಡಿ, ಬಾಳೆ ಎಲೆ ಊಟ, ದೋಸೆ. ಮುಂದೆ ಆರ್ಮೇನಿಯನ್ ಸ್ಟ್ರೀಟಿನ ಗೋಡೆಚಿತ್ರಗಳು, ಕೊನೆಗೆ ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಚೀನೀ ಕುಲಗಳ ಮನೆಸಾಲು, ಚ್ಯೂ ಜೆಟ್ಟಿ. ನಿಧಾನವಾಗಿ ಮೂರೂವರೆ ಗಂಟೆ ಸಾಕು. ಗುಡಿ ಮಧ್ಯಾಹ್ನ ಮುಚ್ಚಿರಬಹುದು, ಅದನ್ನು ಮೊದಲಿಗೋ ಕೊನೆಗೋ ಇಟ್ಟುಕೊಳ್ಳಿ.

ಪೆನಾಂಗ್ ಹಿಲ್ ಬೇಕೆಂದರೆ ಲೆಕ್ಕ ಬೇರೆ. 833 ಮೀಟರ್ ಎತ್ತರದ ಬೆಟ್ಟಕ್ಕೆ ಹಳಿಯ ಮೇಲೆ ಎಳೆದುಕೊಂಡು ಹೋಗುವ ಫ್ಯುನಿಕ್ಯುಲರ್ ರೈಲು. ಅದು ಹೊರಡುವ ಆಯರ್ ಇತಾಮ್‌ಗೆ ಟ್ಯಾಕ್ಸಿಯಲ್ಲಿ ಅರ್ಧ ಗಂಟೆ, 204ನೇ ನಂಬರಿನ ಸಿಟಿ ಬಸ್ಸಾದರೆ ಇನ್ನೂ ಹೆಚ್ಚು. ರೈಲು ಏರುವುದು ಹತ್ತು ನಿಮಿಷದೊಳಗೆ, ಹೊತ್ತು ನುಂಗುವುದು ಕ್ಯೂ. ಶನಿವಾರ, ಭಾನುವಾರ, ಮಲೇಷ್ಯಾದ ಶಾಲಾ ರಜೆಯಲ್ಲಿ ಹತ್ತುವಾಗೊಮ್ಮೆ, ಇಳಿಯುವಾಗೊಮ್ಮೆ ಕಾಯಬೇಕು. ಇಳಿಯುವ ಕ್ಯೂವನ್ನು ಲೆಕ್ಕಕ್ಕೆ ಹಿಡಿಯದವರೇ ಪರದಾಡುವುದು. ಹೆಚ್ಚು ದುಡ್ಡಿನ ಫಾಸ್ಟ್ ಲೇನ್ ಟಿಕೆಟ್ ಇದೆ, ರಜಾದಿನದಲ್ಲಿ ಅದಕ್ಕೆ ಕೊಟ್ಟ ದುಡ್ಡು ದಂಡವಲ್ಲ. ಕೆಕ್ ಲೋಕ್ ಸಿ ಬೌದ್ಧ ದೇವಾಲಯ ಅದೇ ದಿಕ್ಕಿನಲ್ಲಿದೆ, ಎರಡನ್ನೂ ಒಟ್ಟಿಗೆ ಮಾಡಿ. ಹಡಗು ಮಧ್ಯಾಹ್ನ ಬಂದು ರಾತ್ರಿ ಹೊರಡುವುದಾದರೆ ಬೆಟ್ಟ ಮೊದಲು, ಪೇಟೆ ಆಮೇಲೆ. ಬಂದರಿಗೆ ಹತ್ತಿರ ಇರುವುದನ್ನು ಕೊನೆಗೆ ಇಟ್ಟುಕೊಳ್ಳುವುದು ಎಲ್ಲ ಊರಿಗೂ ಒಪ್ಪುವ ಕ್ರಮ. ತಡವಾದರೆ ಬಿಟ್ಟು ನಡೆದುಬಿಡಬಹುದು.

ಪೋರ್ಟ್ ಕ್ಲಾಂಗ್: ಹೆಸರು ಕ್ವಾಲಾಲಂಪುರ, ನಿಲ್ಲುವುದು ಬೇರೆಲ್ಲೋ

ಬ್ರೋಷರಿನಲ್ಲಿ 'ಕ್ವಾಲಾಲಂಪುರ' ಎಂದು ಬರೆದಿರುತ್ತಾರೆ. ಊರು ಬಂದರಿನಿಂದ ಬಸ್ಸಿನಲ್ಲಿ ಒಂದರಿಂದ ಒಂದೂವರೆ ಗಂಟೆ. 'ಪೋರ್ಟ್ ಕ್ಲಾಂಗ್‌ನಿಂದ ಲೋಕಲ್ ರೈಲಿದೆ, ಅದರಲ್ಲೇ ಹೋಗೋಣ' ಎಂಬ ಸಲಹೆ ಬಹಳ ಕೇಳಿಬರುತ್ತದೆ. ರೈಲು ಇರುವುದು ನಿಜ. ಆದರೆ ಕ್ರೂಸ್ ಟರ್ಮಿನಲ್ ಇರುವುದು ಪುಲಾವ್ ಇಂಡಾ ದ್ವೀಪದಲ್ಲಿ, ಸ್ಟೇಷನ್ನಿಗೆ ಟ್ಯಾಕ್ಸಿ ಬೇಕು. ಟ್ಯಾಕ್ಸಿ, ಸ್ಟೇಷನ್ನಿನಲ್ಲಿ ಕಾಯುವಿಕೆ, ಒಂದು ಗಂಟೆಗೂ ಮೀರಿದ ರೈಲು ಪ್ರಯಾಣ, ಮತ್ತೆ ಅಲ್ಲಿಂದ ಓಡಾಟ. ಎಲ್ಲ ಸೇರಿಸಿದರೆ ಉಳಿತಾಯ ಅಷ್ಟಕ್ಕಷ್ಟೆ. ಸಂಜೆಯ ಹೆದ್ದಾರಿ ಟ್ರಾಫಿಕ್ಕು ಬೇರೆ. ಈ ಬಂದರಿನಲ್ಲಿ ಹಡಗಿನದೇ ಟೂರ್ ತೆಗೆದುಕೊಳ್ಳುವುದು ಜಾಣತನ. ಬಸ್ಸಷ್ಟೇ ಒದಗಿಸಿ ಊರಿನಲ್ಲಿ ನಿಮ್ಮನ್ನು ನಿಮ್ಮ ಪಾಡಿಗೆ ಬಿಡುವ ಅಗ್ಗದ ಟೂರ್ ಇದ್ದರೆ ಇನ್ನೂ ಒಳ್ಳೆಯದು.

ಕ್ವಾಲಾಲಂಪುರದ ಹೊರವಲಯದ ಮುರುಗನ್ ಗುಹಾಗುಡಿ ಬಾಟು ಕೇವ್ಸ್ ಆರಿಸುವವರಿಗೆ ಇಷ್ಟು ತಿಳಿದಿರಲಿ: 272 ಕಡಿದಾದ ಮೆಟ್ಟಿಲು, ಪಕ್ಕದಲ್ಲಿ 42.7 ಮೀಟರಿನ ಮುರುಗನ್ ಪ್ರತಿಮೆ. ಮಂಡಿ ಕಾಣುವ ಬಟ್ಟೆಗೆ ಬಿಡುವುದಿಲ್ಲ, ಬುಡದಲ್ಲಿ ಬಾಡಿಗೆಗೆ ಪಂಚೆ ಪಡೆದು ಸುತ್ತಿಕೊಳ್ಳಬೇಕಾಗುತ್ತದೆ. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಕಂಡರೆ ಕೋತಿಗಳು ಕಿತ್ತುಕೊಳ್ಳುತ್ತವೆ. ನೀರಿನ ಬಾಟಲಿಯೂ ಬ್ಯಾಗಿನೊಳಗಿರಲಿ. ಹತ್ತಲಾಗದವರಿಗೆ ಕೆಳಗೇ ರಾಮಾಯಣದ ಗುಹೆಯಿದೆ. ಮುರುಗನ್‌ನ ಹಬ್ಬವಾದ ತೈಪೂಸಂ ದಿನ ನಿಮ್ಮ ಹಡಗು ಬಂದರೆ ಈ ಟೂರ್ ಬೇಡ, ಅಂದು ಅಲ್ಲಿ ಲಕ್ಷಾಂತರ ಜನ. ಊರಿನ ಪೆಟ್ರೊನಾಸ್ ಜೋಡಿ ಗೋಪುರಗಳ ನಡುವಿನ ಸೇತುವೆ ಸೋಮವಾರ ಮುಚ್ಚಿರುತ್ತದೆ. ಆ ದಿನದ ಟೂರಿನಲ್ಲಿ ಗೋಪುರವನ್ನು ರಸ್ತೆಯಿಂದ ತೋರಿಸಿ ಮುಂದೆ ಹೋಗುತ್ತಾರೆ.

ಫುಕೆಟ್: ಯಾವ ದಡ ಎಂಬುದೇ ಪ್ರಶ್ನೆ

ಫುಕೆಟ್‌ನಲ್ಲಿ ಹಡಗು ಎರಡು ಕಡೆ ನಿಲ್ಲಬಹುದು. ಪಶ್ಚಿಮದ ಪಟಾಂಗ್ ಕೊಲ್ಲಿಯಲ್ಲಾದರೆ ಲಂಗರು, ಟೆಂಡರ್, ಇಳಿದರೆ ಬೀಚೇ. ಆಗ್ನೇಯದ ಆವೊ ಮಖಾಮ್ ಬಂದರಿನಲ್ಲಾದರೆ ಧಕ್ಕೆ; ಅಲ್ಲಿಂದ ಹಳೇ ಫುಕೆಟ್ ಪಟ್ಟಣ ಹತ್ತಿರ, ಪಟಾಂಗ್ ದೂರ. ಬರೀ ಬೀಚಿನಲ್ಲಿ ಕಾಲಾಡಿಸುವ ಆಸೆಯಿದ್ದು ಹಡಗು ಪಟಾಂಗ್‌ನಲ್ಲೇ ನಿಲ್ಲುವುದಾದರೆ ಟೂರಿನ ಅಗತ್ಯವಿಲ್ಲ. ಆವೊ ಮಖಾಮ್ ಆದರೆ ಥಲಾಂಗ್ ರಸ್ತೆಯ ಹಳೇ ಮನೆಗಳು, ವಾಟ್ ಚಲಾಂಗ್ ದೇವಾಲಯ ನೋಡಲು ಟ್ಯಾಕ್ಸಿ ಸಾಕು.

ತಿಂಗಳೂ ಮುಖ್ಯ. ನವೆಂಬರಿನಿಂದ ಏಪ್ರಿಲ್ ಪಶ್ಚಿಮದ ಕಡಲು ಶಾಂತ. ನಮ್ಮ ಕರಾವಳಿಗೆ ಮಳೆ ತರುವ ನೈರುತ್ಯ ಮುಂಗಾರೇ ಮೇನಿಂದ ಅಕ್ಟೋಬರ್‌ವರೆಗೆ ಅಲ್ಲಿಯೂ ಬೀಸುತ್ತದೆ. ಬೀಚಿನಲ್ಲಿ ಕೆಂಪು ಬಾವುಟ ಹಾರುತ್ತಿದ್ದರೆ ನೀರಿಗಿಳಿಯಬಾರದು. ಬೇಸಿಗೆ ರಜೆಯ ಕೊನೆಯಲ್ಲಿ ಹೋಗುವ ಕುಟುಂಬಗಳು ಫಿ ಫಿ ದ್ವೀಪದ ಸ್ಪೀಡ್‌ಬೋಟ್‌ಗಿಂತ ಫಾಂಗ್ ಙಾ ಕೊಲ್ಲಿ ಆರಿಸಿಕೊಳ್ಳುವುದು ವಾಸಿ. ಅದು ಫುಕೆಟ್ ದ್ವೀಪದ ಮರೆಯಲ್ಲಿರುವುದರಿಂದ ತೆರೆ ಕಡಿಮೆ. ಫಿ ಫಿಯ ಪ್ರಸಿದ್ಧ ಮಾಯಾ ಬೇಯನ್ನು ಪ್ರತಿ ವರ್ಷ ಆಗಸ್ಟ್, ಸೆಪ್ಟೆಂಬರಿನಲ್ಲಿ ಮುಚ್ಚುತ್ತಾರೆ. ಸ್ಪೀಡ್‌ಬೋಟ್ ಅಲೆಯಿಂದ ಅಲೆಗೆ ಕುಪ್ಪಳಿಸುತ್ತಾ ಹೋಗುವ ಕಾರಣ ಗರ್ಭಿಣಿಯರನ್ನು, ಬೆನ್ನುನೋವಿನವರನ್ನು ಹತ್ತಿಸಿಕೊಳ್ಳುವುದಿಲ್ಲ. ಹಿಂದಿನ ಸೀಟುಗಳಲ್ಲಿ ಕುಲುಕಾಟ ಕಡಿಮೆ, ಮುಂದೆ ಕೂತರೆ ಸೊಂಟಕ್ಕೆ ಕುತ್ತು.

ಫಾಂಗ್ ಙಾದಲ್ಲಿ ಕಡಲಿನಿಂದ ನೆಟ್ಟಗೆ ಎದ್ದ ಸುಣ್ಣಕಲ್ಲಿನ ಬಂಡೆಗಳು, ಅವುಗಳೊಳಗೆ 'ಹೊಂಗ್' ಎನ್ನುವ ಬಯಲು ಕೋಣೆಗಳು. ಗಾಳಿ ತುಂಬಿದ ಪುಟ್ಟ ದೋಣಿಯಲ್ಲಿ ಅಂಗಾತ ಮಲಗಿ, ಮೂಗಿಗೆ ಬಂಡೆ ತಾಗುವಷ್ಟು ತಗ್ಗಿನ ಗುಹೆಯಲ್ಲಿ ನುಸುಳಿದರೆ ಒಳಗೆ ಆಕಾಶ ತೆರೆದುಕೊಳ್ಳುತ್ತದೆ. ಆದರೆ ಉಬ್ಬರ ಏರಿದರೆ ಗುಹೆಯ ಬಾಯಿ ಮುಚ್ಚಿಹೋಗುತ್ತದೆ, ಇಳಿತ ಜಾಸ್ತಿಯಾದರೆ ದೋಣಿ ಕೆಸರಿಗೆ ಕೂರುತ್ತದೆ. 'ನಮ್ಮ ದಿನದ ಉಬ್ಬರ-ಇಳಿತಕ್ಕೆ ಹೊಂಗ್ ಒಳಗೆ ಹೋಗಬಹುದೇ?' ಎಂದು ಟೂರಿನವರನ್ನು ಕೇಳಿ. ತಡಬಡಾಯಿಸದೆ ಗಂಟೆ ಹೇಳುವವರು ಕೆಲಸ ಬಲ್ಲವರು. ಪಟಾಂಗ್‌ನಿಂದ ಈ ಟೂರಿನ ದೋಣಿ ಹೊರಡುವ ಪೂರ್ವ ದಡದ ಧಕ್ಕೆಗೆ ವ್ಯಾನಿನಲ್ಲೇ ಮುಕ್ಕಾಲರಿಂದ ಒಂದು ಗಂಟೆ ಬೇಕು. ಒಟ್ಟು ಆರೇಳು ಗಂಟೆಯ ಕೆಲಸ. ಹಡಗು ಬೆಳಿಗ್ಗೆಯಿಂದ ರಾತ್ರಿವರೆಗೆ ನಿಲ್ಲುವುದಾದರೆ ಮಾತ್ರ ಇದನ್ನು ಯೋಚಿಸಿ.

ಥಾಯ್ ಕಡಲ ರಾಷ್ಟ್ರೀಯ ಉದ್ಯಾನಗಳಲ್ಲಿ ಆಕ್ಸಿಬೆನ್ಜೋನ್, ಆಕ್ಟಿನಾಕ್ಸೇಟ್ ಇರುವ ಸನ್‌ಸ್ಕ್ರೀನ್ 2021ರಿಂದ ನಿಷೇಧ. ಊರಿಂದಲೇ ಟ್ಯೂಬಿನ ಹಿಂಬದಿ ಓದಿ ಕೊಳ್ಳಿ.

ವಿವರಣೆಯ ಒಳಾರ್ಥ

'ಪನೋರಮಿಕ್' ಎಂದರೆ ಬಸ್ಸಿನಿಂದ ಇಳಿಸುವುದಿಲ್ಲ. 'ಫೋಟೊ ಸ್ಟಾಪ್' ಎಂದರೆ ಹತ್ತು ಹದಿನೈದು ನಿಮಿಷ. 'ಲೋಕಲ್ ಕ್ರಾಫ್ಟ್ಸ್' ಎಂದಿದ್ದರೆ ಅದು ಅಂಗಡಿ. ಫುಕೆಟ್‌ನಲ್ಲಿ ಹರಳು-ಆಭರಣದ ಮಳಿಗೆಯಲ್ಲಿ ಮುಕ್ಕಾಲು ಗಂಟೆ ಕಳೆಯುವುದು ಮಾಮೂಲಿ. ಅಗ್ಗದ ಟೂರ್ ಅಗ್ಗವಾಗಿರುವುದಕ್ಕೆ ಕಾರಣವೂ ಅದೇ. 'ಐದು ಗಂಟೆ' ಎನ್ನುವುದು ಧಕ್ಕೆಯಿಂದ ಧಕ್ಕೆಗೆ. 'ಊಟ ಸೇರಿದೆ' ಎಂದಿದ್ದರೆ ಸಸ್ಯಾಹಾರ ಬರವಣಿಗೆಯಲ್ಲಿ ಕೇಳಿ. ಥಾಯ್ ಅಡುಗೆಯಲ್ಲಿ ಮೀನಿನ ಸಾಸ್, ಮಲೇಷ್ಯಾದ ಸಂಬಲ್‌ನಲ್ಲಿ ಸಿಗಡಿಯ ಬೆಲಾಚನ್, ತರಕಾರಿ ಪಲ್ಯದಲ್ಲೂ ಇರುತ್ತದೆ. ಥಾಯ್ಲೆಂಡಿನಲ್ಲಿ ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದ 'ಜೇ' ಬೋರ್ಡಿರುವ ಅಂಗಡಿ ಶುದ್ಧ ಸಸ್ಯಾಹಾರಿ. ಈರುಳ್ಳಿ ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ, ಹಾಗಾಗಿ ಮಡಿಯವರಿಗೂ ನಡೆಯುತ್ತದೆ.

ಹಡಗಿನದೋ, ಹೊರಗಿನದೋ

ಹಡಗಿನ ಟೂರ್‌ಗೆ ತಲೆಲೆಕ್ಕ, ಹೊರಗಿನ ವ್ಯಾನಿಗೆ ಗಾಡಿಲೆಕ್ಕ. ತಲೆಗೆ 80 ಡಾಲರ್ ಎಂದುಕೊಳ್ಳಿ, ಐದು ಜನಕ್ಕೆ 400. ಅದೇ ಸುತ್ತಿಗೆ ವ್ಯಾನ್ 150ಕ್ಕೆ ಸಿಕ್ಕರೆ ಕುಟುಂಬಕ್ಕೆ ವ್ಯಾನೇ ಲಾಭ. ಇಬ್ಬರೇ ಇದ್ದರೆ ವ್ಯತ್ಯಾಸ ಕೇವಲ 10. ಹಡಗಿನ ಟೂರಿನಲ್ಲಿ ಕೊಡುವ ಹೆಚ್ಚಿನ ದುಡ್ಡು ಒಂಥರಾ ವಿಮೆ: ಆ ಬಸ್ಸು ತಡವಾದರೆ ಹಡಗು ಕಾಯುತ್ತದೆ, ಇಲ್ಲವೇ ಮುಂದಿನ ಬಂದರಿಗೆ ತಲುಪಿಸುವುದು ಅವರ ಹೊಣೆ. ಹವಾಮಾನ ಕೆಟ್ಟು ಹಡಗು ಬಂದರಿಗೆ ಹೋಗದಿದ್ದರೆ ದುಡ್ಡು ವಾಪಸ್. ಹೊರಗಿನವರಲ್ಲಿ ಬುಕ್ ಮಾಡುವಾಗ 'ಹಡಗು ಬರದಿದ್ದರೆ ಪೂರ್ತಿ ಹಣ ವಾಪಸ್' ಎಂಬ ಸಾಲು ಇದೆಯೇ ನೋಡಿ, ಇಲ್ಲದಿದ್ದರೆ ಮುಂಗಡ ಕೊಡಬೇಡಿ.

ಹಡಗಿನ ಜನಪ್ರಿಯ ಟೂರ್‌ಗಳು ಹತ್ತುವ ಮೊದಲೇ ಭರ್ತಿಯಾಗುತ್ತವೆ. ಮುಂಚೆಯೇ ಕಾಯ್ದಿರಿಸಿ, ರದ್ದು ಮಾಡುವ ಕೊನೆಯ ಗಡುವನ್ನು ಕ್ಯಾಲೆಂಡರಿನಲ್ಲಿ ಗುರುತಿಸಿ. ಗಡುವಿನ ಹಿಂದಿನ ದಿನ ಹವಾಮಾನ, ಮಕ್ಕಳ ಆರೋಗ್ಯ ನೋಡಿ ಉಳಿಸಿಕೊಳ್ಳಿ ಇಲ್ಲವೇ ಬಿಡಿ.

ಹಿಂದಿನ ರಾತ್ರಿ

ಕ್ಯಾಬಿನ್ನಿಗೆ ಬರುವ ಅಥವಾ ಆ್ಯಪ್‌ನಲ್ಲಿ ಸಿಗುವ ಹಡಗಿನ ದಿನಪತ್ರಿಕೆಯಲ್ಲಿ, ಆ ಬಂದರಿನಲ್ಲಿ ಹಡಗಿನ ಪರವಾಗಿ ಕೆಲಸ ನೋಡಿಕೊಳ್ಳುವ ಏಜೆಂಟರ ಫೋನ್ ನಂಬರ್ ಇರುತ್ತದೆ. ಅದರ ಫೋಟೊ ತೆಗೆದುಕೊಳ್ಳಿ, ಕಾಗದದ ಮೇಲೂ ಬರೆದುಕೊಳ್ಳಿ. ಹಡಗು ತಪ್ಪಿದರೆ ಮೊದಲ ಕರೆ ಅವರಿಗೇ. ಪಾಸ್‌ಪೋರ್ಟ್ ಜೊತೆಗಿರಬೇಕೇ, ಪ್ರತಿ ಸಾಕೇ ಎಂಬುದು ಬಂದರಿಗೊಂದು ನಿಯಮ. ಅದೂ ಆ ಪತ್ರಿಕೆಯಲ್ಲೇ ಇರುತ್ತದೆ. ಪಾಸ್‌ಪೋರ್ಟ್ ಕ್ಯಾಬಿನ್ನಿನಲ್ಲೇ ಉಳಿದು ಹಡಗು ಹೊರಟಿತೆಂದರೆ, ನೀವು ಬಂದಿಲ್ಲವೆಂದು ಗೊತ್ತಾದಾಗ ಸಿಬ್ಬಂದಿ ಅದನ್ನು ಹುಡುಕಿ ಏಜೆಂಟರ ಕೈಗೆ ಕೊಡಲು ನೋಡುತ್ತಾರೆ. ಅದಕ್ಕೆಂದೇ ಪಾಸ್‌ಪೋರ್ಟನ್ನು ಬ್ಯಾಗಿನ ತಳದಲ್ಲಿ ಅಡಗಿಸದೆ ಕ್ಯಾಬಿನ್ನಿನ ಲಾಕರಿನಲ್ಲಿ ಇಡಬೇಕು. ಅವರು ಮೊದಲು ತೆರೆಯುವುದು ಅದನ್ನೇ.