ಬೀಜ ಬಿಡುವ ಕನಕಾಂಬರ ಹುಡುಕಿಕೊಂಡು

ನಮ್ಮಜ್ಜಿ ಮನೆ ಹಿತ್ತಲಲ್ಲಿ ಕನಕಾಂಬರವನ್ನು ಯಾರೂ ನೆಟ್ಟಿದ್ದು ನೆನಪಿಲ್ಲ. ಮಳೆ ಬಿದ್ದ ಮೇಲೆ ಬಟ್ಟೆ ಒಗೆಯುವ ಕಲ್ಲಿನ ಸುತ್ತ ಸಸಿಗಳು ತಾವಾಗಿಯೇ ಏಳುತ್ತಿದ್ದವು. ಸಣ್ಣ ಹೂವು, ಗಾಢ ಕಿತ್ತಳೆ ಬಣ್ಣ. ಅಜ್ಜಿ ಹೋದ ಮೇಲೆ ಹಿತ್ತಲಿಗೆ ಸಿಮೆಂಟ್ ಬಂತು. ಬೆಂಗಳೂರಿನ ನಮ್ಮ ತಾರಸಿಯಲ್ಲಿ ಅದೇ ಗಿಡ ಬೆಳೆಸೋಣ ಅಂತ ಹೊರಟೆ. ಕನಕಾಂಬರ ಏನು ಸಿಗದ ಹೂವಾ? ಕೆ.ಆರ್. ಮಾರ್ಕೆಟ್ಟಿನಲ್ಲಿ ರಾಶಿ ರಾಶಿ ಇರುತ್ತೆ. ಆದರೆ ಬೀಜ ಸಿಗೋದಕ್ಕೆ ಎರಡು ವರ್ಷ ಹಿಡಿಯಿತು.

ಮೊದಲು ನರ್ಸರಿಯಲ್ಲಿ ಕೇಳಿದೆ. ದೊಡ್ಡ ಎಸಳಿನ ಗಿಡ ಕೊಟ್ಟು, "ಇದರಲ್ಲೇ ಬೀಜ ಆಗುತ್ತೆ ಮೇಡಂ" ಅಂದರು. ಹೂವೇನೋ ಚೆನ್ನಾಗಿಯೇ ಬಂತು. ತೆನೆ ಒಣಗಿದಾಗೆಲ್ಲ ಬಿಡಿಸಿ ನೋಡುತ್ತಿದ್ದೆ. ಬರೀ ಹೊಟ್ಟು. ನನ್ನ ಆರೈಕೆಯಲ್ಲೇ ಏನೋ ತಪ್ಪಿದೆ ಅಂದುಕೊಂಡು ಗೊಬ್ಬರ ಜಾಸ್ತಿ ಮಾಡಿದೆ. ಒಂದು ವರ್ಷ ಹೀಗೇ ಹೋಯಿತು. ಕೊನೆಗೆ ತೋಟಗಾರಿಕೆ ಓದಿದ ಗೆಳತಿಯೊಬ್ಬಳು ಬಂದವಳು ನೋಡಿ ನಕ್ಕಳು. ಅದು ಡೆಲ್ಲಿ ಕನಕಾಂಬರವಂತೆ. ಅದರಲ್ಲಿ ಕ್ರೋಮೋಸೋಮ್‌ಗಳು ಎರಡು ಸೆಟ್ಟಿನ ಬದಲು ಮೂರು ಸೆಟ್ ಇರುತ್ತವೆ, ಹಾಗಾಗಿ ಬೀಜ ಕಟ್ಟುವುದೇ ಇಲ್ಲ. ಕಡ್ಡಿ ನೆಟ್ಟೇ ಬೆಳೆಸಬೇಕು. ಎಷ್ಟು ಗೊಬ್ಬರ ಸುರಿದರೂ ಅಷ್ಟೇ.

ಆಮೇಲೆ ಆನ್‌ಲೈನಿನಲ್ಲಿ ಒಂದು ಪೊಟ್ಟಣ ತರಿಸಿದೆ. ಫೋಟೋದಲ್ಲಿ ಅಜ್ಜಿಯ ಹೂವೇ ಇತ್ತು. 30 ಬೀಜ ಹಾಕಿದೆ, ಒಂದೂ ಮೊಳೆಯಲಿಲ್ಲ. ಅದೇ ಅಂಗಡಿಯವರು ನೀಲಿ ಗುಲಾಬಿಯ ಬೀಜ ಮಾರುತ್ತಿದ್ದುದನ್ನು ನೋಡಿಯಾದರೂ ನಾನು ಎಚ್ಚರವಾಗಬೇಕಿತ್ತು, ಅಲ್ವಾ?

ಬೀಜ ಸಿಕ್ಕಿದ್ದು ಕುಂದಾಪುರದ ಕಡೆ, ಒಂದು ಮದುವೆ ಮನೆಯಲ್ಲಿ. ಬೀಗರ ಕಡೆಯ ಹಿರಿಯ ಹೆಂಗಸೊಬ್ಬರು ಅಜ್ಜಿಯ ಹೂವನ್ನೇ ಮುಡಿದಿದ್ದರು. "ಈ ಕನಕಾಂಬರ ಎಲ್ಲಿಯದು?" ಅಂತ ಕೇಳಿದೆ. ಅವರು ಜಡೆ ಮುಟ್ಟಿಕೊಂಡು, "ಇದಾ? ಅಬ್ಬಲಿಗೆ ಮಾರಾಯ್ತಿ. ನಮ್ಮನೆ ಅಂಗಳದ್ದೇ" ಅಂದರು. ಕರಾವಳಿಯಲ್ಲಿ ಇದಕ್ಕೆ ಅಬ್ಬಲಿಗೆ ಅನ್ನುತ್ತಾರೆ. ನಾನು ಅದಕ್ಕೂ ಮುಂಚೆ ಆ ಕಡೆಯ ಇಬ್ಬರ ಹತ್ತಿರ ಕನಕಾಂಬರದ ಬೀಜ ಕೇಳಿ, "ನಮ್ಮಲ್ಲಿಲ್ಲ" ಅನ್ನಿಸಿಕೊಂಡಿದ್ದೆ! ಅವರ ಅಂಗಳದಲ್ಲೂ ಇತ್ತೋ ಏನೋ. ಅಂದಿನಿಂದ ಯಾವ ಹೂವು ಹುಡುಕಿದರೂ ಮೊದಲು ಆ ಊರಿನಲ್ಲಿ ಅದಕ್ಕೆ ಏನಂತಾರೆ ಅಂತ ಕೇಳುತ್ತೇನೆ. ಗೌರಿ ಹೂವು ಕೇಳಿದರೆ ಕೆಲವರು ಕರ್ಣಕುಂಡಲ ಕೊಡುತ್ತಾರೆ, ಕೆಲವರು ಬೇಲಿ ಮೇಲೆ ಬೆಂಕಿ ಹತ್ತಿದ ಹಾಗೆ ಅರಳುವ ಅಗ್ನಿಶಿಖೆ ತೋರಿಸುತ್ತಾರೆ. ಅಗ್ನಿಶಿಖೆಯ ಗಡ್ಡೆ ವಿಷ, ಮಕ್ಕಳಿರುವ ಮನೆಗೆ ಸುಮ್ನೆ ತರುವಂಥದ್ದಲ್ಲ.

ಮರುದಿನ ಅವರ ಮನೆಗೆ ಹೋದೆ. ಪೂರ್ತಿ ಒಣಗಿ ಹುಲ್ಲಿನ ಬಣ್ಣಕ್ಕೆ ತಿರುಗಿದ್ದ ತೆನೆಗಳನ್ನೇ ಆರಿಸಿ ಕಿತ್ತುಕೊಟ್ಟರು. "ನೀರು ತಾಗಿಸ್ಬೇಡ, ಹಾರಿ ಹೋಗ್ತದೆ" ಅಂದರು. ನನಗೆ ಅರ್ಥವಾಗಲಿಲ್ಲ. ಅವರೇ ಒಂದು ತೆನೆಯನ್ನು ಲೋಟದ ನೀರಿಗೆ ಹಾಕಿ, ಮೇಲೆ ತಟ್ಟೆ ಮುಚ್ಚಿದರು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಟಪ್. ಮತ್ತೆ ಟಪ್ ಟಪ್. ಬೀಜಗಳು ಒಳಗಿನಿಂದ ತಟ್ಟೆಗೆ ಬಡಿಯುತ್ತಿದ್ದವು. ಒಂದೊಂದು ಕಾಯಲ್ಲಿ ನಾಲ್ಕು ಬೀಜ. ಅಜ್ಜಿ ಮನೆ ಕಲ್ಲಿನ ಸುತ್ತ ಮಳೆಗಾಲದಲ್ಲಿ ಸಸಿ ಏಳುತ್ತಿದ್ದುದು ಯಾಕೆ ಅಂತ ಆಗ ಗೊತ್ತಾಯಿತು.

ತೆನೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕದೆ, ಪೇಪರಿನಲ್ಲಿ ಸುತ್ತಿ ತಂದೆ. ಪ್ಲಾಸ್ಟಿಕ್ಕಿನಲ್ಲಿ ಬೆವರು ಕಟ್ಟಿದರೆ ದಾರಿಯಲ್ಲೇ ಸಿಡಿಯುತ್ತವೆ. ಮನೆಗೆ ಬಂದು ಅದೇ ಲೋಟದ ಉಪಾಯ ಮಾಡಿ, ಸಿಡಿದ ಬೀಜಗಳನ್ನು ಆ ದಿನವೇ ಬಿತ್ತಿದೆ. ಅರ್ಧ ಕೋಕೋಪೀಟ್, ಅರ್ಧ ಎರೆಗೊಬ್ಬರ, ಮೇಲೆ ತೆಳ್ಳಗೆ ಮಣ್ಣು. 24ರಲ್ಲಿ 11 ಹುಟ್ಟಿದವು. ಮೊದಲನೆಯದು ಬಂದದ್ದು 19ನೇ ದಿನ. ಅಷ್ಟರಲ್ಲಿ ಎರಡು ಸಲ ಟ್ರೇ ಚೆಲ್ಲಬೇಕು ಅನ್ನಿಸಿತ್ತು. ಈ ಗಿಡದ ಬೇರಿಗೆ ಜಂತುಹುಳು ಬೀಳುವುದು ಜಾಸ್ತಿ, ಅದಕ್ಕೆ ಕುಂಡಕ್ಕೆ ಬದಲಾಯಿಸುವಾಗ ಒಂದೊಂದು ಹಿಡಿ ಬೇವಿನ ಹಿಂಡಿ ಬೆರೆಸಿದೆ. ಆದರೂ ಎರಡು ಗಿಡ ಬಾಡಿ ಸತ್ತವು.

ಬೀಜಕ್ಕೆ ದುಡ್ಡು ಕೊಡಲು ಹೋದಾಗ ಅವರು ಬೈದಿದ್ದರು. ಹಾಗಾಗಿ ಡೆಲ್ಲಿ ಕನಕಾಂಬರದ ಐದಾರು ಕಡ್ಡಿ ಬೇರು ಬರಿಸಿ ಬಸ್ಸಿನಲ್ಲಿ ಕಳಿಸಿದೆ. ಬೀಜ ಕಾಯಬೇಡಿ ಅಂತ ಚೀಟಿಯನ್ನೂ ಇಟ್ಟೆ.

ಈ ವರ್ಷ ತೆನೆ ಕೊಯ್ಯೋದಕ್ಕೆ ಮುಂಚೆಯೇ ಒಂದು ಸಂಜೆ ಜೋರು ಮಳೆ ಬಂತು. ತಿಂಗಳಾದ ಮೇಲೆ ಕರಿಬೇವಿನ ಕುಂಡದಲ್ಲಿ ಎರಡು ಸಸಿ, ನೀರಿನ ಟ್ಯಾಂಕಿನ ಪಕ್ಕದ ಬಿರುಕಿನಲ್ಲಿ ಇನ್ನೊಂದು. ಬಿರುಕಿನದನ್ನು ಕೀಳಬೇಕು ಅಂತ ಮನೆಯವರು ದಿನಾ ಹೇಳುತ್ತಾರೆ. ಹೂವು ಬಿಟ್ಟ ಮೇಲೆ ನೋಡೋಣ ಅಂದಿದ್ದೇನೆ.