ಕಡಲ ನೀರು ಬಣ್ಣ ಬದಲಿಸಿದಾಗ ನೀರು ಹಿಡಿಯುವ, ನೋಡುವ ಕ್ರಮ

ಜೂನ್–ಜುಲೈಯಲ್ಲಿ ಉಳ್ಳಾಲದ ಅಳಿವೆ ಬಾಗಿಲಿನ ಹತ್ತಿರ ನೀರು ಕೆಂಪಾದರೆ ಅದು ಹೆಚ್ಚಾಗಿ ನೇತ್ರಾವತಿ, ಫಲ್ಗುಣಿ ತಂದ ಮಣ್ಣು. ಗಾಜಿನ ಲೋಟದಲ್ಲಿ ಹಿಡಿದಿಟ್ಟರೆ ಮಣ್ಣು ತಳಕ್ಕಿಳಿಯತೊಡಗುತ್ತದೆ. ನಮ್ಮ ಕರಾವಳಿಯಲ್ಲಿ ಕಣ್ಣಿಗೆ ಬೀಳುವಷ್ಟು ಹಬ್ಬುವ ಎರಡು ಸಣ್ಣ ಜೀವಿಗಳಾದರೆ ಅದೇ ಲೋಟದಲ್ಲಿ ಮೇಲಕ್ಕೇರುತ್ತವೆ.

ಮೊದಲನೆಯದು ಟ್ರೈಕೋಡೆಸ್ಮಿಯಂ ಎಂಬ ನೀಲಿ-ಹಸಿರು ಪಾಚಿ. ಫೆಬ್ರವರಿಯಿಂದ ಮೇವರೆಗೆ, ಗಾಳಿ ಬಿದ್ದು ಕಡಲು ಬಿಸಿಯಾಗಿ ನಿಂತಾಗ, ಮರದ ಮಿಲ್ಲಿನ ಹೊಟ್ಟು ಚೆಲ್ಲಿದ ಹಾಗೆ ಪಟ್ಟೆಪಟ್ಟೆಯಾಗಿ ತೇಲುತ್ತದೆ. ಎರಡನೆಯದು ನಾಕ್ಟಿಲೂಕ: ಅರ್ಧ ಮಿಲಿಮೀಟರಿನಷ್ಟು ದೊಡ್ಡ ಒಂಟಿ ಜೀವಕೋಶ, ಬರಿಗಣ್ಣಿಗೇ ಸಣ್ಣ ಹರಳಿನಂತೆ ಕಾಣುತ್ತದೆ. ಒಂದು ಬಕೆಟ್ ನೀರನ್ನು ಕತ್ತಲಲ್ಲಿಟ್ಟು ಕೈಯಾಡಿಸಿ. ನೀಲಿ ಮಿಂಚಿದರೆ ಅದರ ಅನುಮಾನವೇ ಗಟ್ಟಿ. ಮಿಂಚುವುದರಿಂದ ಅಪಾಯವಿಲ್ಲ. ಅದು ಒಟ್ಟಾಗಿ ಸತ್ತು ಕೊಳೆಯುವಾಗ ಹೊರಬರುವ ಅಮೋನಿಯಾ, ಕುಸಿಯುವ ಆಮ್ಲಜನಕ ಇವೇ ಮೀನಿಗೆ ಕುತ್ತು.

ನೀರು ಹಿಡಿಯಲು ಅಲೆ ಒಡೆಯುವ ಜಾಗ ಬೇಡ, ಬಾಟಲಿ ತುಂಬ ಮರಳೇ ಬರುತ್ತದೆ. ಅಲೆಯಾಚೆ ನಾಡದೋಣಿಯಿಂದಲೋ ಜೆಟ್ಟಿಯ ತುದಿಯಿಂದಲೋ ಹಿಡಿಯಿರಿ. ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು, ಮೇಲ್ಪದರದ್ದು ಒಂದು, ಮೊಣಕೈ ಮುಳುಗುವಷ್ಟು ಆಳದ್ದು ಒಂದು ಬೇರೆಬೇರೆ ತುಂಬಿ. ಮೇಲಿನದ್ದನ್ನು ಮಾತ್ರ ತಂದರೆ ತೇಲುವ ಜೀವಿಗಳ ಲೆಕ್ಕ ಸುಮ್ಮನೆ ಉಬ್ಬುತ್ತದೆ. ಜಾಗ, ಹೊತ್ತು, ಉಬ್ಬರವೋ ಇಳಿತವೋ ಎಂಬುದನ್ನು ಅಲ್ಲೇ ಬರೆದುಕೊಳ್ಳಿ.

ಪ್ರತಿ ನೀರಿನಲ್ಲಿ ಒಂದು ಪಾಲನ್ನು ಜೀವಂತವಾಗಿಡಿ. ಬಾಟಲಿ ಮುಕ್ಕಾಲು ತುಂಬಿದರೆ ಸಾಕು. ಒದ್ದೆ ಬಟ್ಟೆ ಸುತ್ತಿ, ಬಿಸಿಲೂ ಐಸೂ ತಾಗದಂತೆ ತಂದು ಕೆಲವೇ ಗಂಟೆಗಳಲ್ಲಿ ಸೂಕ್ಷ್ಮದರ್ಶಕದಲ್ಲಿ ನೋಡಿ. ಇನ್ನೊಂದು ಪಾಲಿಗೆ, ಜೀವಕೋಶಗಳು ಕೆಡದಂತಿಡುವ ಲುಗೋಲ್ ದ್ರಾವಣ: 100 ಮಿ.ಲೀ. ಶುದ್ಧೀಕರಿಸಿದ ನೀರಿಗೆ ಮೊದಲು 10 ಗ್ರಾಂ ಪೊಟ್ಯಾಸಿಯಂ ಅಯೊಡೈಡ್, ಅದು ಕರಗಿದ ಮೇಲೆ 5 ಗ್ರಾಂ ಅಯೊಡಿನ್. ಕ್ರಮ ತಪ್ಪಿದರೆ ಅಯೊಡಿನ್ ಸರಿಯಾಗಿ ಕರಗುವುದಿಲ್ಲ. ಅರ್ಧ ಲೀಟರ್ ಕಡಲ ನೀರಿಗೆ 2 ಮಿ.ಲೀ. ಹಾಕಿ, ಬಣ್ಣ ಹಾಲು ಹಾಕದ ತೆಳು ಚಹಾದ ಹಾಗಿರಲಿ. ನೀರು ದಟ್ಟವಿದ್ದರೆ ಇನ್ನೆರಡು ಮಿ.ಲೀ. ಬೇಕಾದೀತು. ಪ್ಲಾಸ್ಟಿಕ್ ಅಯೊಡಿನನ್ನು ಹೀರಿಕೊಳ್ಳುವುದರಿಂದ ಕಂದು ಗಾಜಿನ ಬಾಟಲಿಯೇ ಒಳ್ಳೆಯದು. ಜೀವಕೋಶಗಳು ತಳ ಸೇರಲು ಒಂದು ದಿನ ಬಿಡಿ. ನಾಕ್ಟಿಲೂಕ ಲುಗೋಲ್‌ನಲ್ಲಿ ಸುಕ್ಕಿ ಹಾಳಾಗುವುದುಂಟು; ಜೀವಂತ ಪಾಲು ಬೇಕಾಗುವುದು ಅದಕ್ಕೇ.

ಆಮ್ಲಜನಕ ಅಳೆಯುವುದಾದರೆ ಬೆಳಗಿನ ಜಾವ. ಮಧ್ಯಾಹ್ನ ಪಾಚಿಯೇ ಆಮ್ಲಜನಕ ಬಿಡುತ್ತಿರುವಾಗ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಲೀಟರಿಗೆ 2 ಮಿ.ಗ್ರಾಂಗಿಂತ ಕೆಳಗಿಳಿದರೆ ಮೀನು ಉಸಿರುಗಟ್ಟುತ್ತದೆ.

ಬಂಡೆಯ ಪಾಚಿ ನಿಧಾನದ ಸಾಕ್ಷಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ದೊಡ್ಡ ಇಳಿತದಲ್ಲಿ ಕಾಪು ಅಥವಾ ಸೋಮೇಶ್ವರದ ಬಂಡೆಗೆ ಹೋಗಿ, 50 ಸೆಂ.ಮೀ. ಬದಿಯ ಪೈಪಿನ ಚೌಕಟ್ಟಿಟ್ಟು ಫೋಟೊ ತೆಗೆಯಿರಿ, ಕೀಳಬೇಡಿ. ಕೊಳಚೆ ಸೇರುವಲ್ಲಿ ತೆಳು ಹಾಳೆಯಂಥ ಹಸಿರು ಉಲ್ವಾ ಉಳಿದವನ್ನು ಮುಚ್ಚಿಬಿಡುತ್ತದೆ.

ಮರುವಾಯಿಯ (ಅಳಿವೆಯಲ್ಲಿ ಸಿಗುವ, ತಿನ್ನುವ ಚಿಪ್ಪುಜೀವಿ) ವಿಷಯದಲ್ಲಿ ನೀರಿನ ಬಣ್ಣವನ್ನು ನಂಬಲೇಬಾರದು. 1983ರಲ್ಲಿ ಕುಂಬಳೆ ಅಳಿವೆಯ ಮರುವಾಯಿ ತಿಂದವರು ಆಸ್ಪತ್ರೆ ಸೇರಿದರು, ಒಬ್ಬ ಹುಡುಗ ತೀರಿಕೊಂಡ. ಕೆಲವು ಸೂಕ್ಷ್ಮ ಪಾಚಿಗಳಿಂದ ಮರುವಾಯಿಗೆ ಸೇರುವ, ಸ್ನಾಯುಗಳ ಶಕ್ತಿ ಕಳೆಯುವ ಆ ವಿಷ ಬೇಯಿಸಿದರೂ ಹೋಗುವುದಿಲ್ಲ. ನೀರಿನ ಬಣ್ಣ ಬದಲಾಗದಷ್ಟು ಕಡಿಮೆ ಪಾಚಿಯಿದ್ದರೂ ಚಿಪ್ಪಿನೊಳಗೆ ವಿಷ ಸೇರಿಕೊಳ್ಳಬಲ್ಲದು, ನೀರು ತಿಳಿಯಾದ ಮೇಲೂ ವಾರಗಟ್ಟಲೆ ಉಳಿಯಬಲ್ಲದು. ತಿಂದವರ ತುಟಿ, ಬೆರಳು ಜೋಮು ಹಿಡಿದರೆ ಕಾಯದೆ ಆಸ್ಪತ್ರೆಗೆ ಒಯ್ಯಿರಿ, ಉಳಿದ ಮರುವಾಯಿಯನ್ನೂ ಪರೀಕ್ಷೆಗೆ ಕಟ್ಟಿಕೊಂಡು ಹೋಗಿ.