ಕಲ್ಲು ಕ್ವಾರಿ ಮುಚ್ಚಿದ್ಮೇಲೆ ನಾವು ಅಲ್ಲಿ ಮಾಡಿದ್ದು

ಮುಚ್ಚಿದ ಕಲ್ಲು ಕ್ವಾರಿನ ಮತ್ತೆ ಹಸಿರು ಮಾಡೋದು ನಮ್ಮ ಕೆಲಸ. ಹಳೇ ಕ್ವಾರಿ ಅಂದ ತಕ್ಷಣ ಗಿಡ ನೆಡೋ ಪ್ರೋಗ್ರಾಂ ಅಂದ್ಕೊಂಡು ಫೋನ್ ಮಾಡೋರೇ ಜಾಸ್ತಿ. "ಸಾರ್, ಸಸಿ ನಾವೇ ತರ್ತೀವಿ, ಶನಿವಾರ ನಮ್ಮ ಸ್ಟಾಫ್ ಬಸ್ಸಲ್ಲಿ ಬರ್ತಾರೆ, ಮಧ್ಯಾಹ್ನದೊಳಗೆ ಮುಗಿಯುತ್ತಲ್ವಾ" ಅಂತಾರೆ. ಸಸಿ ಕೊನೇ ಕೆಲಸ ಕಣ್ರೀ, ಮಣ್ಣೇ ಇಲ್ಲದ ಕಡೆ ಅದು ಎಲ್ಲಿ ಬೇರು ಬಿಡಬೇಕು.

ನಾನು ಬೆಂಗಳೂರಿನ ಕೃಷಿ ಯೂನಿವರ್ಸಿಟಿ ಜಿಕೆವಿಕೆಲಿ ಓದಿದ್ದು, ಮಣ್ಣಿನ ಸಬ್ಜೆಕ್ಟು. ಆಮೇಲೆ ಕೆಲವು ವರ್ಷ ಮಧ್ಯಪ್ರದೇಶದ ಸಿಂಗ್ರೌಲಿ ಕಡೆ ಕಲ್ಲಿದ್ದಲು ಗಣಿಗಳ ಓಬಿ ಡಂಪ್ ಮೇಲೆ ಹಸಿರು ಮಾಡೋ ಕಾಂಟ್ರಾಕ್ಟಲ್ಲಿದ್ದೆ. ಓಬಿ ಅಂದ್ರೆ ಕಲ್ಲಿದ್ದಲು ಸಿಗೋವರೆಗೂ ಅಗೆದು ಪಕ್ಕಕ್ಕೆ ಗುಡ್ಡೆ ಹಾಕಿದ ಮಣ್ಣು ಬಂಡೆ ಎಲ್ಲಾ. ಅಲ್ಲಿ ಮೇಲ್ಮಣ್ಣನ್ನ ಮೊದಲೇ ಕೆರೆದು ಬೇರೆ ಇಟ್ಕೋಬೇಕು ಅನ್ನೋ ನಿಯಮ ಇದೆ. 2009ರ ಕೇಂದ್ರದ ಗೈಡ್‌ಲೈನ್ ಪ್ರಕಾರ ಗಣಿ ಮುಚ್ಚೋ ಖರ್ಚನ್ನ ಗಣಿ ನಡೀತಿರೋವಾಗಲೇ ಎಸ್ಕ್ರೋ ಖಾತೆಗೆ, ಅಂದ್ರೆ ಆ ಕೆಲಸಕ್ಕೇ ಮೀಸಲಿಟ್ಟ ಬ್ಯಾಂಕ್ ಖಾತೆಗೆ, ಕಟ್ಕೊಂಡು ಹೋಗ್ಬೇಕಿತ್ತು, ತೆರೆದ ಗಣಿಗೆ ಆಗಿನ ದರದಲ್ಲಿ ಹೆಕ್ಟೇರಿಗೆ 6 ಲಕ್ಷ ಇಟ್ಟಿದ್ರು. ಕಾಗದದಲ್ಲಿರೋದೆಲ್ಲ ಸೈಟಲ್ಲಿ ಇರಲ್ಲ ಬಿಡಿ, ಆದ್ರೂ ಕೇಳೋಕೆ ಒಂದು ಹಕ್ಕಾದ್ರೂ ಇರುತ್ತೆ. ಆನೇಕಲ್ ಕಡೆ ನಾವು ಕೈ ಹಾಕಿದ ಈ ಕ್ವಾರಿಲಿ ಅದೂ ಇಲ್ಲ, ಮೇಲಿನ ಮಣ್ಣು ಯಾವತ್ತೋ ಲೇಔಟ್ ಫಿಲ್ಲಿಂಗ್‌ಗೆ ಹೋಗಿತ್ತು, ಉಳಿದಿದ್ದು ಬೋಳು ಬಂಡೆ, ಕ್ರಷರ್ ಡಸ್ಟು, ಹೊಂಡದಲ್ಲಿ ಹಸಿರುಗಟ್ಟಿದ ನೀರು.

ಮಣ್ಣು ಹೊರಗಿಂದಾನೇ ತರ್ಬೇಕಾಯ್ತು. ಹೂಳೆತ್ತುತ್ತಿದ್ದ ಒಂದು ಹಳ್ಳಿ ಕೆರೆಯಿಂದ ಗೋಡು ಹೊಡೆಸಿದ್ವಿ, ಬೆಂಗಳೂರೊಳಗಿನ ಕೆರೆದು ಬೇಡ ಅಂದೆ, ಒಳಚರಂಡಿ ನೀರು ಸೇರಿರೋ ಹೂಳಲ್ಲಿ ಲೋಹದ ಅಂಶ ಇರುತ್ತೆ. ಗೋಡು, ಡಸ್ಟು, ಹಸಿಕಸದ ಗೊಬ್ಬರ ಮೂರನ್ನೂ ಬೆರೆಸಿ ಹಾಕಿದ್ವಿ, ಬರೀ ಗೋಡು ಹಾಕಿದ್ರೆ ಬೇಸಿಗೇಲಿ ಒಣಗಿ ಬಿರುಕು ಬಿಡುತ್ತೆ. ಗೊಬ್ಬರ ಕೊಟ್ಟ ಪುಣ್ಯಾತ್ಮರು ಗಾಜಿನ ಚೂರು ಬ್ಲೇಡು ಎಲ್ಲಾ ಸೇರಿಸಿ ಕಳಿಸಿದ್ರು, ಜರಡಿ ಹಿಡಿಯೋ ಕೂಲಿನೇ ಗೊಬ್ಬರದ ರೇಟಿಗಿಂತ ಜಾಸ್ತಿ ಆಯ್ತು. ಮೊದಲನೇ ಮಳೆಗಾಲ ಹುರುಳಿ, ಸೆಣಬು ಚೆಲ್ಲಿ ಹೂ ಬಿಡೋ ಹೊತ್ತಿಗೆ ಹಸಿರು ಗೊಬ್ಬರ ಆಗ್ಲಿ ಅಂತ ಅಲ್ಲೇ ಮಣ್ಣಿಗೆ ಮಗುಚಿ ಹಾಕಿದ್ವಿ, ಅಷ್ಟೇ. ಒಂದೂ ಮರ ನೆಡಲಿಲ್ಲ, ದುಡ್ಡು ಕೊಟ್ಟೋರಿಗೆ ಸಿಟ್ಟು.

ಮರ ಎಲ್ಲಿ ನೆಡ್ಬೇಕು ಅಂತ ತೋರಿಸಿದ್ದು ಅದೇ ಕ್ವಾರಿಲಿ ಮೂವತ್ತು ವರ್ಷ ಕಲ್ಲು ಒಡೆದ ಒಬ್ಬ ತಾತ. ಬಂಡೆ ಮೇಲೆ ಬಿಂದಿಗೆ ನೀರು ಚೆಲ್ಲಿ ಬೀಡಿ ಹಚ್ಕೊಂಡು ಕೂತ. ಬಿಸಿಲಿಗೆ ನೀರೆಲ್ಲಾ ಆರಿ ಹೋಯ್ತು, ಒಂದೆರಡು ಗೆರೆ ಮಾತ್ರ ಕಪ್ಪಗೆ ಒದ್ದೆಯಾಗೇ ಉಳೀತು. "ಅಲ್ಲಿ ಸೀಳೈತೆ ನೋಡಪ್ಪ, ನಾನು ಉಳಿ ಇಡ್ತಿದ್ದುದೂ ಅಲ್ಲೇ, ನಿನ್ ಗಿಡಾನೂ ಅಲ್ಲೇ ಇಡು" ಅಂದ. ಆ ಗೆರೆ ಹಿಡ್ಕೊಂಡು ಹಾರೆ ಹಾಕಿ ಗುಂಡಿ ಬಿಡಿಸಿ, ಕೆಳಗಡೆ ವೇಸ್ಟ್ ಕಲ್ಲಲ್ಲಿ ಅಡ್ಡ ಒಡ್ಡು ಕಟ್ಟಿ ಹೊಂಗೆ, ಬೇವು, ಸೀತಾಫಲ ಇಟ್ವಿ. ಸೀಳು ಬಿಟ್ಟು ಬೇರೆ ಕಡೆ ಇಟ್ಟಿದ್ದಕ್ಕೂ ಇದಕ್ಕೂ ಮಾರ್ಚ್ ತಿಂಗಳಲ್ಲಿ ಎಲೆ ನೋಡಿದ್ರೇ ಗೊತ್ತಾಗುತ್ತೆ. ನಮ್ಮ ಡ್ರೋನ್ ಸರ್ವೇಲಿ ಈ ಗೆರೆಗಳು ಬಂದೇ ಇರಲಿಲ್ಲ.

ಕೂಲಿ ವಿಷಯ ಇನ್ನೂ ಕಷ್ಟ. ಕ್ವಾರಿ ನಿಂತಾಗ ಗಂಡಸರು ಬೇರೆ ಕ್ರಷರ್‌ಗೆ, ಟೈಲ್ಸ್ ಹಾಕೋಕೆ, ಸೆಕ್ಯುರಿಟಿ ಕೆಲಸಕ್ಕೆ ಸಿಟಿಗೆ ಹೋಗ್ಬಿಟ್ರು. ಜೆಲ್ಲಿ ಒಡೀತಿದ್ದ ಹೆಂಗಸರು ಉಳ್ಕೊಂಡ್ರು, ಅವರ ಸಂಘದ ಜೊತೆ ನರ್ಸರಿ, ಎರೆಗೊಬ್ಬರ ಶುರು ಮಾಡಿದ್ವಿ, ಅಪಾರ್ಟ್‌ಮೆಂಟ್ ಟೆರೇಸ್ ಗಾರ್ಡನ್‌ನವರು ಕೊಂಡ್ಕೊಳ್ತಾರೆ. ಹೊಂಡಕ್ಕೆ ಕಾಟ್ಲಾ, ರೋಹು ಮೀನು ಬಿಟ್ಟಿದ್ದೀವಿ. ಇದ್ರಿಂದ ಹಳೇ ಸಂಪಾದನೆ ವಾಪಸ್ ಬಂತು ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ, ಬರ್ಲಿಲ್ಲ. ಮೀಟಿಂಗ್‌ಗಳಲ್ಲಿ ಜರ್ಮನಿಯ ರೂರ್ ಕಣಿವೆ ಸ್ಲೈಡ್ ತೋರಿಸ್ತಾರೆ, ಕಲ್ಲಿದ್ದಲು ಗಣಿ ಮ್ಯೂಸಿಯಂ ಆಯ್ತು, ಯುನೆಸ್ಕೋ ಪಟ್ಟಿಗೆ ಸೇರ್ತು ಅಂತ. ಅಲ್ಲಿ ಕೊನೇ ಗಣಿ ಮುಚ್ಚಿದ್ದು 2018ರಲ್ಲಿ, ಬೋಖುಮ್‌ನಲ್ಲಿ ಯೂನಿವರ್ಸಿಟಿ ಪಾಠ ಶುರುವಾಗಿದ್ದು 1965ರಲ್ಲಿ, ಗಣಿ ಮುಚ್ಚೋಕೆ ಐವತ್ತು ವರ್ಷ ಮೊದಲೇ ಬೇರೆ ದಾರಿ ಶುರು ಮಾಡಿದ್ರು, ಆ ಗ್ಯಾಪ್ ಬಗ್ಗೆ ಯಾರೂ ಮಾತಾಡಲ್ಲ. ನಮ್ಮ ಕೆಜಿಎಫ್‌ನಲ್ಲಿ 2001ರ ಫೆಬ್ರವರಿಲಿ ಗಣಿ ನಿಂತ್ಮೇಲೆ ಜನಕ್ಕೆ ಸಿಕ್ಕಿದ್ದು ಬೆಂಗಳೂರಿಗೆ ಬರೋ ಬೆಳಗಿನ ಟ್ರೈನು. ಮಾರಿಕುಪ್ಪಂನಿಂದ ನಿಂತ್ಕೊಂಡು ಬರೋರನ್ನ ಕೇಳಿ, ಹತ್ತತ್ರ ತೊಂಬತ್ತು ಕಿಲೋಮೀಟರ್ ಬರೋದು, ಅಷ್ಟೇ ಹೋಗೋದು.

ಅದಕ್ಕೇ ಈಗ ಇನ್ನೂ ನಡೀತಿರೋ ಕ್ವಾರಿಯವರು ಕರೆದ್ರೆ ಮಾತ್ರ ನನಗೆ ಖುಷಿ, ಮಣ್ಣು ಇನ್ನೂ ಅಲ್ಲೇ ಇರುತ್ತೆ, ಕೆಲಸದೋರೂ ಊರಲ್ಲೇ ಇರ್ತಾರೆ. ನಿಮ್ಮೂರಲ್ಲಿ ಈಗಾಗಲೇ ಮುಚ್ಚಿರೋದಿದ್ರೆ ಮೊದ್ಲು ಪಹಣಿ ತೆಗೆಸಿ, ಗೋಮಾಳನಾ, ಖರಾಬಾ, ಲೀಸ್ ಇನ್ನೂ ಇದ್ಯಾ ನೋಡಿ. ಆಮೇಲೆ ಮೊದಲನೇ ದುಡ್ಡಲ್ಲಿ ಟಿಪ್ಪರ್ ಇಳಿಯೋ ದಾರಿಗೆ ಅಡ್ಡ ದೊಡ್ಡ ಬಂಡೆ ಉರುಳಿಸಿ ಗೇಟ್ ಹಾಕ್ಸಿ. ಬೆಂಗಳೂರಿನ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿ ಕ್ವಾರಿಗಳಿಗೆ ಸಿಟಿ ಕಸ ತುಂಬಿದ್ದು ನೋಡಿದ್ದೀರಲ್ಲ, ಖಾಲಿ ಹೊಂಡ ಕಂಡ್ರೆ ಕಸದ ಗಾಡಿ ರಾತ್ರಿ ಹೊತ್ತಲ್ಲಿ ದಾರಿ ಹುಡುಕ್ಕೊಂಡು ಬರುತ್ತೆ, ಒಂದು ಸಲ ಕಸ ಬಿದ್ದ ಮೇಲೆ ಆ ನೀರಲ್ಲಿ ಮೀನೂ ಇಲ್ಲ, ನರ್ಸರಿಗೆ ನೀರೂ ಇಲ್ಲ.